ಕಂತಕ್ಕನ ಪಟ್ಟು

ಒಂದು ಕೆಲಸಕ್ಕೆ ಎರಡು ಸಲ ನಡೆಯುವುದೆಂದರೆ ಕಂತಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಚೇರಿಯ ಮೆಟ್ಟಿಲೇರಿ ಬರುವಾಗ ಒಂದು ಭುಜಕ್ಕೆ ಲ್ಯಾಪ್‌ಟಾಪಿನ ಚೀಲ, ಇನ್ನೊಂದಕ್ಕೆ ಊಟದ ಡಬ್ಬಿ, ಕಂಕುಳಲ್ಲಿ ಕೊಡೆ, ಕೈಯಲ್ಲಿ ನಮಗೆಲ್ಲ ಸೇರಿ ಕಾಫಿ ಲೋಟಗಳ ತಟ್ಟೆ. ಬಾಗಿಲನ್ನು ಮೊಣಕೈಯಿಂದ ನೂಕಿ, ಕೊಂಚ ಓರೆಯಾಗಿ, ಆದರೆ ಒಂದು ಹನಿಯೂ ತುಳುಕದ ಗಾಂಭೀರ್ಯದಿಂದ ಒಳಬರುತ್ತಿದ್ದ ಆ ನಡಿಗೆ ಕಂಡರೆ ನಗು ಬರುತ್ತಿತ್ತು. ನಕ್ಕವರಿಗೆ ಮಾತ್ರ ಅಂದು ಕಾಫಿ ಇಲ್ಲ. ಕಡುಬೇಸಿಗೆಯಲ್ಲೂ ಬಿಡದ ಬೂದು ಸ್ವೆಟರ್ ಒಂದಿತ್ತು. ಅದರ ತೋಳನ್ನು ಮೊಣಕೈವರೆಗೆ ಏರಿಸಿದರೆಂದರೆ ಇನ್ನು ಯಾರು ಜಪ್ಪಯ್ಯ ಅಂದರೂ ಮಾತು ಬದಲಿಸುವವರಲ್ಲ ಎಂದು ನಾವು ತಿಳಿದುಕೊಳ್ಳಬೇಕಿತ್ತು.

ಆಸ್ಪತ್ರೆಗಳಿಗೆ ವೆಬ್ ತಂತ್ರಾಂಶ ಮಾಡಿಕೊಡುವ ಆ ಕಚೇರಿಯಲ್ಲಿ ನಾನು ಬಳಕೆದಾರರಿಗೆ ಸೂಚನೆಗಳನ್ನು ಬರೆಯುವವನು, ಆಕೆ ರೋಗಿಗಳ ದಾಖಲೆಗಳನ್ನು ಡೇಟಾಬೇಸಿಗೆ ಸೇರಿಸುವ ಭಾಗದ ಒಡತಿ. ರಾಶಿ ದಾಖಲೆಗಳನ್ನು ಒಂದೊಂದಾಗಿ ಕಳಿಸುವ ಪ್ರೋಗ್ರಾಮ್ ಕಂಡರೆ, "ಮನೆ ಬದಲಾಯಿಸೋವಾಗ ಒಂದೊಂದೇ ಚಮಚ ಹಿಡ್ಕೊಂಡು ಓಡಾಡ್ತೀರಾ?" ಎಂದು ಹಾರಾಡುತ್ತಿದ್ದರು. ಹಾಗೆಂದು ಎಲ್ಲವನ್ನೂ ಒಮ್ಮೆಗೇ ತುರುಕಿದರೆ, "ಬೀರು ಬಾಗಿಲಲ್ಲಿ ಸಿಕ್ಕಾಕ್ಕೊಂಡ್ರೆ ನೀವೂ ಹೊರಗೆ, ಸಾಮಾನೂ ಹೊರಗೆ" ಎಂಬ ಮಂಗಳಾರತಿ. ಹದವಾದ ಕಂತುಗಳಾಗಿ ಕಳಿಸಬೇಕು. ಒಂದು ಕಂತು ಹೋದರೆ ಪೂರ್ತಿ ಹೋಗಬೇಕು, ಅದರಲ್ಲಿ ಒಂದೇ ದಾಖಲೆ ಎಡವಿದರೂ ಇಡೀ ಕಂತು ಹಿಂದಕ್ಕೆ ಬರಬೇಕು. ಈ ವ್ರತನಿಷ್ಠೆಯಿಂದಲೇ ಆಕೆಗೆ ಕಂತಕ್ಕ ಎಂಬ ಹೆಸರು ಬಿದ್ದದ್ದು. ಆಕೆಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತೆಂದು ನನ್ನ ಗುಮಾನಿ.

ಒಮ್ಮೆ ದೊಡ್ಡ ಆಸ್ಪತ್ರೆಯೊಂದು ಪಕ್ಕದ ಬೀದಿಯ ಕ್ಲಿನಿಕ್ಕನ್ನು ತನ್ನೊಳಗೆ ಸೇರಿಸಿಕೊಂಡಿತು. ಕ್ಲಿನಿಕ್ಕಿನ ದಾಖಲೆಗಳೆಲ್ಲ ಸೋಮವಾರದೊಳಗೆ ಆಸ್ಪತ್ರೆಯ ಡೇಟಾಬೇಸಿಗೆ ಬರಬೇಕು: ಹೊಸಬರಾದರೆ ಹೊಸ ದಾಖಲೆ, ಎರಡೂ ಕಡೆ ತೋರಿಸಿಕೊಂಡವರಾದರೆ ಇದ್ದ ದಾಖಲೆಗೇ ತಿದ್ದುಪಡಿ. ಶುಕ್ರವಾರ ಬೆಳಿಗ್ಗೆ ಪರೀಕ್ಷೆಗೆಂದು ಇಟ್ಟ ನಕಲು ಪ್ರತಿಯ ಮೇಲೆ ಕಂತಕ್ಕ ಎಲ್ಲ ಓಡಿಸಿ ನೋಡಿದರು. ತಪ್ಪೊಂದೂ ಇಲ್ಲ, ಪರದೆಯೆಲ್ಲ ಹಸಿರು. ಮ್ಯಾನೇಜರ್ ಬಂದು ಕೈ ಕುಲುಕಿಯೂ ಆಯಿತು.

ಆದರೆ ಆಕೆಗೊಂದು ಚಾಳಿ. ಎಲ್ಲ ಮುಗಿದ ಮೇಲೆ, ಮುಖಪರಿಚಯವಿರುವ ಒಬ್ಬರ ದಾಖಲೆಯನ್ನಾದರೂ ತೆರೆದು ಓದದೆ ಎದ್ದವರಲ್ಲ. "ನಿಮಗೆ ಗೊತ್ತಿರೋರು ಯಾರಾದ್ರೂ ಎರಡೂ ಕಡೆ ತೋರಿಸ್ಕೊಂಡಿದ್ದಾರಾ?" ಎಂದು ನನ್ನನ್ನು ಕೇಳಿದರು. ನನ್ನ ಅಕ್ಕ ಇದ್ದಳು. ಬರುವ ಗುರುವಾರ ಅದೇ ಆಸ್ಪತ್ರೆಯಲ್ಲಿ ಅವಳಿಗೆ ಪಿತ್ತಕೋಶದ ಆಪರೇಷನ್. ಫೋನು ಮಾಡಿ ಒಪ್ಪಿಗೆ ಕೇಳಿದೆ. "ನೋಡ್ಕೊಳ್ಳಿ ಬಿಡೋ, ನನ್ನ ಕಾಯಿಲೆಯಲ್ಲಿ ಗುಟ್ಟೇನಿದೆ!" ಎಂದಳು.

ನಕಲಿನಲ್ಲಿ ಅಕ್ಕನ ದಾಖಲೆ ತೆರೆಯಿತು. ವಿಳಾಸ ಸರಿ, ಫೋನ್ ನಂಬರ್ ಸರಿ. ಒಗ್ಗದ ಔಷಧಿಯ ಖಾನೆ ಮಾತ್ರ ಖಾಲಿ. ಹಿಂದೊಮ್ಮೆ ಒಂದು ಇಂಜೆಕ್ಷನ್‌ಗೆ ಅಕ್ಕನ ಮುಖ ಊದಿ, ಉಸಿರು ಕಟ್ಟಿ, ಬದುಕಿದ್ದೇ ಹೆಚ್ಚು ಎನಿಸಿತ್ತು. ಆ ಮದ್ದಿನ ಹೆಸರು ಆಸ್ಪತ್ರೆಯ ದಾಖಲೆಯಲ್ಲಿ ಕೆಂಪಕ್ಷರದಲ್ಲಿ ಇದ್ದದ್ದನ್ನು ನಾನೇ ಕಂಡಿದ್ದೆ. ಕ್ಲಿನಿಕ್ಕಿಗೆ ಅವಳು ಹೋದದ್ದು ಹಲ್ಲುನೋವಿಗೆ. ಅಲ್ಲಿ ಯಾರೂ ಕೇಳಿರಲಿಲ್ಲ, ಖಾನೆ ಖಾಲಿ ಉಳಿದಿತ್ತು. ಕಂತಕ್ಕನ ಪ್ರೋಗ್ರಾಮ್ ಆ ಖಾಲಿತನವನ್ನೇ ಹೊಸ ಸುದ್ದಿಯೆಂದು ನಂಬಿ, ಇದ್ದ ಬರಹದ ಮೇಲೆ ಶ್ರದ್ಧೆಯಿಂದ ಹಾಕಿ ಒರೆಸಿಬಿಟ್ಟಿತ್ತು.

"ಖಾಲಿ ಅಂದ್ರೆ 'ಏನೂ ಇಲ್ಲ' ಅಂತಲ್ಲ ಕಣ್ರೀ, 'ಗೊತ್ತಿಲ್ಲ' ಅಂತ," ಎಂದು ಆಕೆ ತನಗೆ ತಾನೇ ಹೇಳಿಕೊಂಡರು. ಸ್ವೆಟರಿನ ತೋಳು ಮೇಲೇರಿತು.

ಮ್ಯಾನೇಜರ್ ಕೆಟ್ಟವರಲ್ಲ, ಪಾಪ. ಸೋಮವಾರದ ಭೂತ ಅವರ ಹೆಗಲೇರಿತ್ತು. "ಮೇಡಂ, ಶುರು ಮಾಡಿಬಿಡೋಣ, ಆಮೇಲೆ ಸರಿಮಾಡಿದ್ರಾಯ್ತು. ಎಲ್ಲೋ ಒಂದಿಬ್ಬರದು ಹೋಗಿರಬಹುದು."

"ಆ ಒಂದಿಬ್ಬರು ಯಾರು ಅಂತ ಹೇಳಿ ಸರ್. ಅವರ ಮನೆಗೆ ಹೋಗಿ ನಾನೇ ಹೇಳಿ ಬರ್ತೀನಿ."

"ಮೇಲಿನವರಿಗೆ ನಾನೇನು ಹೇಳಲಿ?"

"ನಾನು ತಪ್ಪು ಮಾಡಿದೆ ಅಂತ ಹೇಳಿ. ಅದು ನಿಜಾನೂ ಹೌದು." ಕಡ್ಡಿ ಮುರಿದಂತೆ ಅಷ್ಟು ಹೇಳಿ ಕುರ್ಚಿ ಎಳೆದುಕೊಂಡು ಕೂತವರನ್ನು ಏಳಿಸುವ ಧೈರ್ಯ ಯಾರಿಗಿತ್ತು?

ಸೋಮವಾರ ಬಂದು ಹೋಯಿತು. ಮೇಲಿನವರ ಫೋನುಗಳು ಬಂದವು. ಅವನ್ನೆಲ್ಲ ಕಂತಕ್ಕ ತಾವೇ ತೆಗೆದುಕೊಂಡು, ಬೈಗುಳ ಕೇಳಿಸಿಕೊಂಡು, "ಆಯ್ತು ಸರ್, ಬುಧವಾರ" ಎಂದು ಫೋನಿಟ್ಟರು. ಖಾಲಿ ಖಾನೆ ಯಾವ ಬರಹವನ್ನೂ ಅಳಿಸಕೂಡದು, ಎರಡು ಕಡೆಯ ಮಾತು ಬೇರೆಬೇರೆಯಾದರೆ ಎರಡೂ ಉಳಿದು ವೈದ್ಯರ ಕಣ್ಣಿಗೆ ಬೀಳಬೇಕು ಎಂದು ನಿಯಮ ಬರೆದು, ಹೊಸ ನಕಲಿನ ಮೇಲೆ ಮತ್ತೆ ಓಡಿಸಿ, ಮತ್ತೆ ಅಕ್ಕನ ಖಾನೆ ತೆರೆದರು. ಕೆಂಪಕ್ಷರ ಇತ್ತು. ಹೋದ ಜೀವ ಬಂದಂತಾಯಿತು ನನಗೆ. ನಾಚಿಕೆ ಬಿಟ್ಟು ಕಣ್ಣೊರೆಸಿಕೊಂಡೆ. ಬುಧವಾರ ನಿಜವಾದ ಡೇಟಾಬೇಸಿಗೆ ಕಳಿಸುವಾಗ ಒಂದು ಕಂತು ನಡುವೆ ವಾಪಸು ಬಂತು, ಹಿಂದಿನ ದಿನವಷ್ಟೇ ಕ್ಲಿನಿಕ್ಕಿಗೆ ಬಂದಿದ್ದ ಯಾರದೋ ಹುಟ್ಟಿದ ದಿನಾಂಕ ಇನ್ನೂ ಬಾರದ ವರ್ಷದ್ದು. ಮ್ಯಾನೇಜರ್ ಮುಖ ಹುಳ್ಳಗಾಯಿತು. "ಬರಲಿ ಬಿಡಿ ಸರ್. ಅರ್ಧ ಒಳಗೆ ಅರ್ಧ ಹೊರಗೆ ಆಗಿಲ್ವಲ್ಲ," ಎಂದ ಕಂತಕ್ಕ ಕ್ಲಿನಿಕ್ಕಿಗೆ ಫೋನಿಸಿ, ಸರಿಯಾದ ವರ್ಷ ಕೇಳಿ, ತಿದ್ದಿ, ಆ ಕಂತನ್ನು ಮತ್ತೆ ಕಳಿಸಿದರು.

ಗುರುವಾರ ಆಪರೇಷನ್ ಸುಸೂತ್ರವಾಗಿ ಆಯಿತು. ಚುಚ್ಚುವ ಮುಂಚೆ ನರ್ಸ್ ಪರದೆ ನೋಡಿ, "ನಿಮಗೆ ಈ ಮದ್ದು ಆಗಲ್ಲ ಅಲ್ವಾ, ಬೇರೆ ಕೊಡ್ತೀವಿ," ಎಂದರಂತೆ. ನಾನು ಕಂತಕ್ಕನ ಕತೆಯನ್ನೆಲ್ಲ ಹೇಳಿದರೆ ಅಕ್ಕ ಆಕಳಿಸಿದಳು: "ಅದರಲ್ಲೇನೋ ವಿಶೇಷ? ಮೊದಲೂ ಹಾಗೇ ಕೇಳ್ತಿದ್ರು. ನೀನು ಆ ದಿಂಬು ಸರಿ ಮಾಡು, ನೆಟ್ಟಗೆ ಒಂದು ಕೆಲಸ ಬರಲ್ಲ ನಿನಗೆ."

ಜಗತ್ತಿನಲ್ಲಿ ಇಂಥವರ ಒಂದು ಕುಲವೇ ಇದೆ. ಸಹಸ್ರ ಜನರನ್ನು ಒಟ್ಟಿಗೆ ಸಾಗಿಸುವಾಗಲೂ ಅವರನ್ನು ರಾಶಿಯೆಂದು ಬಗೆಯದವರು, ಯಂತ್ರವೇ ಸೈ ಎಂದ ಮೇಲೂ ಒಂದು ಮುಖ ಕಾಣದೆ ಸೈ ಅನ್ನದವರು. ಅವರ ಗೆಲುವಿಗೆ ಸಾಕ್ಷಿ ಹೇಳುವವರಿಲ್ಲ, ಏಕೆಂದರೆ ಆಗದೆ ಹೋದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥವರ ಹಟದಿಂದಾಗಿ ಎಷ್ಟು ಮನೆಗಳಲ್ಲಿ ಎಷ್ಟು ಅಕ್ಕಂದಿರು ಈ ಹೊತ್ತು ಒಡಹುಟ್ಟಿದವರನ್ನು ಬೈದುಕೊಂಡು ಸುಖವಾಗಿದ್ದಾರೋ, ಲೆಕ್ಕವಿಟ್ಟವರಿಲ್ಲ.