ಬೂದಿಗೆ ಸಿಕ್ಕ ಪರವಾನಗಿ

ಮತ್ತೆ ಪಂಜಾ ಹೊರಗೆ ಬಂತು, ಬೆಕ್ಕಿನ ಪೆಟ್ಟಿಗೆಯ ಜಾಲರಿಯೊಳಗಿಂದ ಬೂದಿಯ ಬಿಳಿ ಪಂಜಾ, ನನ್ನ ದುಪಟ್ಟಾದ ಎಳೆಗೆ ಉಗುರು ಸಿಕ್ಕಿಸಿಕೊಂಡು ಎಳೆಯುತ್ತಿದೆ, ಬಿಡು ಬೂದಿ, ಸುಮ್ಮನಿರು, ಇನ್ನೂ ಹುಬ್ಬಳ್ಳಿಯೇ ಬಂದಿಲ್ಲ, ಬೆಂಗಳೂರಿನ ವಿಮಾನ ಎಲ್ಲಿ, ಮಸ್ಕತ್ ಎಲ್ಲಿ — ಲಾರಿಯೊಂದು ಹಾರ್ನ್ ಹೊಡೆದು ದಾಟಿತು, ಬೆಕ್ಕು ಮತ್ತೆ ಕೂಗಿತು, ಕಾರು ಹೊಡೆಯುವ ಹನುಮೇಶ ಕನ್ನಡಿಯಲ್ಲಿ ನೋಡಿದ, ನೀರ ಕುಡಸ್ರಿ ಅಕ್ಕಾರ, ಗಂಟಲಾ ಒಣಗಿರ್ತೈತಿ. ಕುಡಿಯುವುದಿಲ್ಲ ಇದು. ನಾನೂ ಕುಡಿದಿಲ್ಲ, ಅಣ್ಣಿಗೇರಿ ಬಿಟ್ಟಾಗಿನಿಂದ. ಸಿರಾಜುದ್ದೀನ ಒಳ್ಳೆಯವನೇ, ನಮ್ಮ ನಿಕಾಹ್ ಆದ ಮೇಲೆ ಮಸ್ಕತ್ತಿಗೆ ಹೋಗಿ ಮೊದಲು ಮನೆ ಹುಡುಕಿದ, ಆಮೇಲೆ ನನ್ನ ವೀಸಾ, ಆಮೇಲೆ ಬೆಕ್ಕಿಗೂ ಅಲ್ಲಿಯ ಪರವಾನಗಿ, ತಹಸೀನ್, ಬೂದಿನ್ನ ಕರ್ಕೊಂಡ ಬಾ, ನಿನಗ ಜೋಡಿ ಆಗ್ತೈತಿ ಎಂದ ಫೋನಿನಲ್ಲಿ, ನನ್ನ ಮಗಳು ರುಬಿಯಾಳ ಮಾತು ಬಂದರೆ ಅವನೂ ಏನು ಮಾಡಿಯಾನು, ಮಗಳ ಪಾಸ್‌ಪೋರ್ಟಿಗೆ ಅವಳ ಅಪ್ಪ ಒಪ್ಪಬೇಕು, ಮುಜಫರ್ ಒಪ್ಪಲಿಲ್ಲ, ನನ್ನನ್ನು ಬಿಟ್ಟವನು ಮಗಳನ್ನು ಬಿಡಲಿಲ್ಲ, ನೀ ಎಲ್ಲ್ಯಾರ ಹೋಗು, ಆಕಿ ನನ್ನ ಮಗಳು ಎಂದು ಬಾಗಿಲಲ್ಲೇ ನಿಂತು ಹೇಳಿದ, ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಯಾಕೆ ಅದೇ ನೆನಪಾಗುತ್ತದೆ, ಆ ಸೀಟಿ. ಭಾನುವಾರ ಭಾನುವಾರ ರುಬಿಯಾ ನನ್ನ ತವರಿಗೆ ಬರುತ್ತಿದ್ದಳು, ಬೂದಿಯನ್ನು ಮಡಿಲಲ್ಲಿ ಹಾಕಿಕೊಂಡು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಅವಳದೇ ಬೆಕ್ಕು, ಅವಳೇ ಕೊಟ್ಟಳು, ನೀ ಒಯ್ಯಿ ಅಮ್ಮೀ, ಅಲ್ಲಿ ನಿನಗ ಯಾರ ಅದಾರ.

ಇವತ್ತು ಮುಂಜಾನೆ ಶಾಲೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿದೆವು, ಅವಳು ಓಡಿ ಬಂದಳು, ಅಳಲಿಲ್ಲ, ಜಾಲರಿಯೊಳಗೆ ಬೆರಳು ತೂರಿಸಿ ಬೂದಿಯ ಮೂಗು ಮುಟ್ಟಿದಳು, ಅಮ್ಮೀ, ಇದನ್ನ ಹೆಂಗ ಬಿಟ್ಟಾರ ಆ ದೇಶಕ್ಕ? ಸೂಜಿ ಹಾಕಿದ್ರು, ರಕ್ತ ತಪಾಸ ಮಾಡಿದ್ರು, ಕುತ್ತಿಗ್ಯಾಗ ಅಕ್ಕಿಕಾಳಿನಷ್ಟು ಒಂದ ಚಿಪ್ ಇಟ್ಟಾರ, ಅದರಾಗ ನಂಬರ ಇರ್ತೈತಿ, ಯಾರ ಬೆಕ್ಕಂತ ಗೊತ್ತಾಗ್ತೈತಿ ಎಂದೆ. ನೋವಾಗ್ತೈತೇನು? ಇಲ್ಲ ಬೇಟಾ — ಯಾಕೆ ಹೇಳಿದೆ, ಬೇರೆ ಏನಾದರೂ ಹೇಳಬಹುದಿತ್ತು, ಏನಾದರೂ — ಅವಳು ಬೆನ್ನು ತಿರುಗಿಸಿ ನಿಂತಳು, ಎರಡೂ ಜಡೆ ಎತ್ತಿ ಹಿಡಿದಳು, ನನಗೂ ಹಾಕಸ ಅಮ್ಮೀ, ನಾ ಅಳಂಗಿಲ್ಲ. ಆಗಲೇ ಶಾಲೆಯ ಗಂಟೆ ಹೊಡೆಯಿತು. ವಕೀಲರನ್ನು ನೋಡೋಣ ಎಂದಿದ್ದಾನೆ ಸಿರಾಜ, ರಜೆಗೆ ಬರೋಣ ಎಂದಿದ್ದಾನೆ, ದಿನಾ ವಿಡಿಯೋದಲ್ಲಿ ಮಾತಾಡಬಹುದು, ಹೌದು, ವಿಡಿಯೋದಲ್ಲಿ ಮುಖ ಕಾಣುತ್ತದೆ, ಕುತ್ತಿಗೆ ಕಾಣುವುದಿಲ್ಲ — ಹನುಮೇಶಣ್ಣಾ, ನಿಲ್ಲಸ್ರಿ. ಏನಾತ್ರೀ, ಏನರ ಬಿಟ್ಟ ಬಂದ್ರೇನು? ಗಾಡಿ ಹೊಳ್ಳಸ್ರಿ. ವಿಮಾನ ತಪ್ಪತೈತ್ರಿ ಅಕ್ಕಾರ. ಗೊತ್ತೈತ್ರಿ, ಹೊಳ್ಳಸ್ರಿ. ಚಕ್ರ ರಸ್ತೆಯ ಅಂಚಿನ ಕರಿಮಣ್ಣಿಗೆ ಇಳಿದು ಅಣ್ಣಿಗೇರಿಯತ್ತ ತಿರುಗುತ್ತಿದೆ, ಮುಜಫರ್ ಬಾಗಿಲು ತೆರೆಯುತ್ತಾನೋ ಇಲ್ಲವೋ, ಫೋನ್ ಬಡಿದುಕೊಳ್ಳುತ್ತಿದೆ, ಸಿರಾಜ, ಏನು ಹೇಳಲಿ ಅವನಿಗೆ, ಯಾವ ಮಾತಿನಿಂದ ಸುರು ಮಾಡಲಿ, ಎತ್ತಿ ಹಿಡಿದ ಎರಡು ಜಡೆ, ಕೆಳಗೆ ಬರಿಯ ಕುತ್ತಿಗೆ, ಬೆವರಿಗೆ ಅಂಟಿಕೊಂಡ ಪೌಡರಿನ ಗೆರೆ, ಆ ಕುತ್ತಿಗೆ, ಸೂಜಿಗಾಗಿ ಬಗ್ಗಿಸಿಕೊಂಡು ನಿಂತ ಆ ಕುತ್ತಿಗೆ