ಹೆಸರು ಕೆರೆದ ಗಿಟಾರು

ಗಿಟಾರಿನ ತಲೆಯ ಮೇಲೆ ಹೆಸರಿಲ್ಲ, ಹೆಸರಿದ್ದ ಜಾಗ ಮಾತ್ರ ಇದೆ, ಯಾರೋ ಪಾಲಿಶ್ ಕಾಗದ ಹಿಡಿದು ಗಸಗಸ ತಿಕ್ಕಿ ಒಳಗಿನ ಕಟ್ಟಿಗೆ ಬೆಳ್ಳಗೆ ಕಾಣುವಂತೆ ಮಾಡಿದ್ದಾರೆ, ಒಂದಕ್ಷರದ ಬಾಲವಾದರೂ ಉಳಿದಿದೆಯೋ ಏನೋ, ಮಂಜೂರ ಹೆಬ್ಬೆರಳಿನಿಂದ ಸವರಿ ನೋಡುತ್ತಾನೆ, ಬಾಲವಲ್ಲ, ಬರೀ ಗೀರು — ಯಾವ ಕಂಪನೀದು ಅಂತ ಒಂದು ಹೇಳ್ರಿ ಸಾಕು, ಎನ್ನುತ್ತಾಳೆ ಎದುರಿನ ಸ್ಟೂಲಿನ ಮೇಲೆ ಕೂತ ಹೆಣ್ಣುಮಗಳು, ಮೈಮೇಲೆ ಕಂಡಕ್ಟರ್ ಖಾಕಿ, ತೊಡೆಯ ಮೇಲೆ ಟಿಕೆಟ್ ಮಶೀನು, ಮುದ್ದೇಬಿಹಾಳ ಡಿಪೋದಾಕಿ ನಾನು, ಜಯಮಾಲಾ ಅಂತ, ಸಿಂದಗಿ ಸ್ಟ್ಯಾಂಡಿನಾಗ ನಮ್ಮ ಗಾಡಿ ಅರ್ಧ ತಾಸು ನಿಂದರತೈತಿ, ಅಷ್ಟರಾಗ ನೋಡ್ರಿ — ಹೆಸರು ಹೇಳುವುದೇ ಬೇಕಿರಲಿಲ್ಲ, ಚೀಲದ ಚೈನು ಅರ್ಧ ಇಳಿಯುವಷ್ಟರಲ್ಲೇ ಮಂಜೂರನಿಗೆ ಗುರುತು ಸಿಕ್ಕಿತ್ತು, ಆ ಕೆಂಪು ಮೈ, ಕೆಳಗಿನ ಅಂಚಿನಲ್ಲಿ ಬಣ್ಣ ಹಾರಿದ ಆ ಕಲೆ, ಚೇತನಕುಮಾರನ ಗಿಟಾರು, ಎಂಟು ತಿಂಗಳ ಹಿಂದೆ ಮಸೂತಿ ಊರಿನ ಮದುವೆ ಪೆಂಡಾಲಿನಲ್ಲಿ ಇದನ್ನು ಕೊರಳಿಗೆ ಹಾಕಿಕೊಂಡೇ ಕರೆಂಟು ಹೊಡೆದು ಸತ್ತ ಚೇತನಕುಮಾರನ ಗಿಟಾರು, ಇವಳು ಅವನ ಅಕ್ಕ, ಮೂಗು ಅದೇ, ಕೇಳುವಾಗ ಕುತ್ತಿಗೆ ಒಂದು ಕಡೆ ವಾಲಿಸುವುದೂ ಅದೇ. ಯಾ ಅಲ್ಲಾ, ಇಷ್ಟು ದೊಡ್ಡ ಊರಿನಲ್ಲಿ ಇವಳಿಗೆ ಬೇರೆ ಅಂಗಡಿಯೇ ಸಿಗಲಿಲ್ಲವೇ. ಆರ್ಕೆಸ್ಟ್ರಾದ ಪರಮಾನಂದ ಸರ್ ಕಳಿಸ್ಯಾರ್ರಿ, ಹೆಸರಿಲ್ಲದ ಮಾಲಿನ ಹೊಟ್ಟಿ ಬಿಚ್ಚಿ ಅದರ ಊರು ಹೇಳ್ತಾರ ಮಂಜೂರಭಾಯಿ ಅಂದ್ರು. ಹೇಳುತ್ತಿದ್ದ ಹೌದು, ಟೇಪು, ರೇಡಿಯೋ, ಮಸೀದಿಯ ಸ್ಪೀಕರಿನ ಕರ್ಣ, ಮಠದ ಭಜನೆ ಸೆಟ್ಟು, ಬಿಚ್ಚಿ ಮೂಸಿ ನೋಡಿ ಇದು ದಿಲ್ಲಿಯದು, ಇದು ಚೈನಾದ್ದು ಎಂದು ಹೇಳುವ ಜಂಬ ಒಂದಿತ್ತು ಅವನಿಗೆ, ಆ ಜಂಬ ಈಗ ಮನೆ ಬಾಗಿಲಿಗೇ ಬಂದು ಕೂತಿದೆ.

ಹಿಂದೆ ತಿರುಗಿಸುತ್ತಾನೆ, ಕೈಗಳಿಗಾದರೂ ಕೆಲಸ ಬೇಕಲ್ಲ, ಕುತ್ತಿಗೆ ಕೂಡಿಸಿದ ಕಡೆ ನಾಲ್ಕು ಮೊಳೆಯ ತಗಡು, ನಂಬರಿಲ್ಲ, ಮೂರು ಮೊಳೆ ಒಂದು ನಮೂನೆ, ನಾಲ್ಕನೆಯದು ಕಿಡಕಿಗೆ ಹೊಡೆಯುವಂಥದು, ಕಿವಿ ಹಿಂಡುವ ಆರು ಬಿರಡೆಗಳಲ್ಲಿ ಎರಡು ಬೇರೆ ಯಾವುದೋ ಗಿಟಾರಿನವು, ಮೈ ಪ್ಲೈವುಡ್ಡು, ಅಂಚಿನಲ್ಲಿ ಪದರ ಎಣಿಸಬಹುದು, ಇಂಥದ್ದನ್ನು ಮಾಡುವ ಕಾರಖಾನೆ ಹತ್ತು ದೇಶಗಳಲ್ಲಿವೆ, ಮೇಲೆ ಯಾವ ಹೆಸರು ಅಂಟಿಸಿದರೂ ಹೊತ್ತುಕೊಳ್ಳುತ್ತದೆ, ಯಾವ ಹೆಸರು ಕಿತ್ತರೂ ಅಳುವುದಿಲ್ಲ. ಹೋಟೆಲಿನ ಕಾಂತು ಚಹಾ ಇಟ್ಟು ಹೋದ, ಕಪ್ಪಿನ ಕೆಳಗೆ ಬಶಿ, ಬಶಿ ಎಂದರೆ ಸಾಕು ಮಂಜೂರನ ಕಣ್ಣು ಅಲ್ಲಿಂದ ಜಾರುತ್ತದೆ, ಎಂಟು ತಿಂಗಳಿಂದ ಅವನು ಬಶಿಯಲ್ಲಿ ಚಹಾ ಕುಡಿದಿಲ್ಲ, ಗಿಲಾಸಿನಾಗ ಕೊಡು ಅಂದರೆ ಹೆಂಡತಿ ಬಾನುಬಿ ಹುಬ್ಬು ಗಂಟು ಹಾಕುತ್ತಾಳೆ, ನಿಮಗೇನಾಗೈತಿ, ಊಟ ಇಲ್ಲ, ನಿದ್ದಿ ಇಲ್ಲ, ಸಕ್ಕರಿ ರೋಗನೇ ಇರಬೇಕು, ನಡೀರಿ ದವಾಖಾನಿಗೆ — ರಕ್ತ ಕೊಟ್ಟು ಬಂದ, ಸಕ್ಕರೆ ಇರಲಿಲ್ಲ, ರಕ್ತದಲ್ಲಿ ಏನಿದೆಯೋ ಅದನ್ನು ನೋಡುವ ಮಶೀನು ಅವರಲ್ಲಿರಲಿಲ್ಲ. ಚಹಾ ತಗೋರಿ, ಆರತೈತಿ, ಎನ್ನುತ್ತಾನೆ ಜಯಮಾಲಾಗೆ. ಬ್ಯಾಡ್ರಿ, ಮೊದಲು ಇದರದ್ದು ಹೇಳ್ರಿ, ಇದು ಯಾವ ಮಾಲು, ಇದರೊಳಗ ಮೊದಲಿಂದನ ಖೋಟ್ ಇತ್ತೇನು, ನನ್ನ ತಮ್ಮನ್ನ ಕೊಂದದ್ದು ಇದು ಹೌದೋ ಅಲ್ಲೋ, ಅಷ್ಟು ಗೊತ್ತಾಗಬೇಕ್ರಿ ನನಗ.

ಅಷ್ಟೇ ಗೊತ್ತಾಗಬೇಕಂತೆ ಇವಳಿಗೆ. ಉತ್ತರ ತಲೆಯ ಮೇಲೆಯೇ ಇದೆ, ಅಟ್ಟದಲ್ಲಿ, ಹಳೆ ಗೋಣಿಚೀಲದ ಕೆಳಗೆ, ಕಪ್ಪು ಡಬ್ಬಿ, ಪರಮಾನಂದನ ಆಂಪ್ಲಿಫೈಯರು, ಮಸೂತಿಯಿಂದ ಅದೇ ಸಂಜೆ ಟೆಂಪೋದಲ್ಲಿ ಬಂದದ್ದು, ಇದನ್ನ ನಿಮ್ಮ ಕಡೇನ ಇಡ್ರಿ ಭಾಯಿ, ನಮ್ಮ ಕಣ್ಣಿಗೆ ಬ್ಯಾಡ ಎಂದು ಪರಮಾನಂದ ಕಳಿಸಿದ್ದು, ಪೊಲೀಸರು ಹಸಿ ನೆಲ, ಕರೆಂಟ್ ಶಾಕ್ ಎಂದು ಎರಡು ಸಾಲು ಬರೆದುಕೊಂಡು ಹೋಗಿದ್ದರು, ಅವರಲ್ಲಿ ಡಬ್ಬಿ ಬಿಚ್ಚಿ ನೋಡಿದವರು ಯಾರೂ ಇಲ್ಲ. ಮದುವೆಯ ಹಿಂದಿನ ದಿನ ಪರಮಾನಂದ ಇದೇ ಸ್ಟೂಲಿನ ಮೇಲೆ ಕೂತಿದ್ದ, ಭಾಯಿ, ಗಿಟಾರ ಹಚ್ಚಿದ ಕೂಡಲೇ ಡಬ್ಬಿ ಗುಂಯ್ ಅಂತೈತಿ, ಮದುವಿ ಮಂದಿ ಬಾಯಿಗೆ ಬಂದಂಗ ಬೈತಾರ, ಗುಂಯ್ ತೆಗೀರಿ — ಗುಂಯ್ ತೆಗೆಯುವುದು ಏನು ಮಹಾ, ಇಂಡಿಯ ನಬಿಸಾಬ ಉಸ್ತಾದರು ಮೊದಲ ವಾರವೇ ಕಲಿಸಿದ್ದು ಅದು, ಹಸಿರು ಕತ್ತರಿಸು, ಗುಂಯ್ ಹೋಗತೈತಿ ನೋಡು, ಹೋಗುತ್ತಿತ್ತು, ಮೂವತ್ತು ವರ್ಷ ಹೋಗುತ್ತಲೇ ಇತ್ತು, ಎಷ್ಟು ಡಬ್ಬಿಗಳ ಹಸಿರು ವೈರು ಕತ್ತರಿಸಿದ್ದಾನೋ, ಯಾರಿಗೆ ಏನಾಗಿತ್ತು, ಈ ಸೀಮೆಯಲ್ಲಿ ಅರ್ಥಿಂಗ್ ಎಂದರೆ ಯಾರು ಕೇಳುತ್ತಾರೆ, ಮೂರು ಕಾಲಿನ ಪಿನ್ನು ಕಿತ್ತು ಬರೀ ಎರಡು ವೈರು ಗೋಡೆಯ ತೂತಿಗೆ ತುರುಕಿ ಬೆಂಕಿಕಡ್ಡಿ ಚುಚ್ಚುವ ಜನ. ಕರೆಂಟು ದಾರಿ ತಪ್ಪಿ ಡಬ್ಬಿಯ ಮೈಗೆ ಇಳಿದರೆ ಅದನ್ನು ನೆಲಕ್ಕೆ ಒಯ್ಯುವುದು ಆ ಹಸಿರು ವೈರು, ಗೊತ್ತಿರಲಿಲ್ಲವೇ ಅವನಿಗೆ, ಗೊತ್ತಿತ್ತು, ಗೊತ್ತಿದ್ದೂ ಇಕ್ಕಳದಿಂದ ಚಟ್ ಎಂದು ಕತ್ತರಿಸಿದ, ಒಂದು ಇಂಚಿನ ಹಸಿರು ತುಂಡು ಹಾರಿ ಪರಮಾನಂದನ ಚಹಾದ ಬಶಿಯಲ್ಲಿ ಬಿತ್ತು, ಇಬ್ಬರೂ ನಕ್ಕರು, ಚಹಾಕ್ಕ ಕರಿಬೇವ ಹಾಕಿದ್ರೇನು ಭಾಯಿ ಎಂದ ಪರಮಾನಂದ, ನಕ್ಕರು, ಥೂ, ನಕ್ಕಿದ್ದ ಅವನು.

ಭಾಯಿ, ಬಿಚ್ಚಿ ನೋಡ್ರಲ್ಲ, ಅರ್ಧ ತಾಸು ಅಂದೀನಿ, ಎನ್ನುತ್ತಾಳೆ ಜಯಮಾಲಾ. ಬಿಚ್ಚುತ್ತಾನೆ, ಮುಂದಿನ ಬಿಳಿ ಪ್ಲಾಸ್ಟಿಕ್ ತಗಡಿನ ಮೊಳೆಗಳು ಒಂದೊಂದೇ ಬಶಿಯ ಪಕ್ಕ ಸಾಲಾಗಿ ಕೂರುತ್ತವೆ, ಅವಳು ಬೀದಿಯ ಕಡೆ ನೋಡುತ್ತಿದ್ದಾಳೆ, ಬಸ್ಸಿನ ದಾರಿ. ಮಸೂತಿಯಲ್ಲಿ ಹಾಡುಹಗಲು, ಊಟದ ಹೊತ್ತು, ಸಣ್ಣ ಮಳೆ ಬಂದು ನಿಂತಿತ್ತಂತೆ, ಸ್ಟೇಜಿನ ಜಮಖಾನೆ ತೊಯ್ದಿತ್ತಂತೆ, ಬಾಸಿಂಗ ಕಟ್ಟಿದವರ ಮುಂದೆ ಬೂಟು ಬೇಡವೆಂದು ಚೇತನಕುಮಾರ ಬರಿಗಾಲಲ್ಲಿ ನಿಂತಿದ್ದ, ಎಡಗೈ ತಂತಿಯ ಮೇಲೆ, ಹಾಡಿನ ಹೆಸರು ಹೇಳಲು ಮೈಕಿನ ಹತ್ತಿರ ಬಾಯಿ ಒಯ್ದ, ತುಟಿ ತಾಗಿತು, ಮೈ ಗಡಗಡ ನಡುಗಿತು, ಮಂದಿ ಸ್ಟೈಲು ಎಂದುಕೊಂಡರು, ಪರಮಾನಂದನೇ ಹೇಳಿದ್ದು ಇದನ್ನು, ಅಳುತ್ತ, ಮಂದಿ ಸೀಟಿ ಹೊಡೆದ್ರು ಭಾಯಿ, ವರನ ದೋಸ್ತರು ಎದ್ದು ನಿಂತು ಇನ್ನೊಮ್ಮಿ ಇನ್ನೊಮ್ಮಿ ಅಂದ್ರು, ನಾನೂ ಚಪ್ಪಾಳಿ ಹೊಡದೆ. ಆ ಚಪ್ಪಾಳೆ ಮುಗಿಯುವ ತನಕ ಪ್ಲಗ್ಗು ಕಿತ್ತವರಿಲ್ಲ. ಮೂರು ದಿನದ ಮೇಲೆ ಮಂಜೂರ ಅಂಗಡಿಯ ಬಾಗಿಲು ಹಾಕಿಕೊಂಡು ಆ ಕಪ್ಪು ಡಬ್ಬಿ ಬಿಚ್ಚಿದ್ದ, ಇಲಿ ಕಡಿದ ಸುರುಳಿ, ತಾಮ್ರ ಡಬ್ಬಿಯ ಮೈಗೆ ತಾಗಿ ಕೂತಿತ್ತು, ಹಸಿರು ಇದ್ದಿದ್ದರೆ ಫ್ಯೂಸು ಹಾರುತ್ತಿತ್ತು, ಹಾಡು ನಿಲ್ಲುತ್ತಿತ್ತು, ಅಷ್ಟೇ, ಪರಮಾನಂದ ನಾಲ್ಕು ಬೈಗುಳ ತಿನ್ನುತ್ತಿದ್ದ, ಅಷ್ಟೇ ಆಗುತ್ತಿತ್ತು.

ತಗಡು ಮೇಲೆದ್ದಿತು, ಕೆಳಗೆ ಕಟ್ಟಿಗೆಯ ಗೂಡು, ಗೂಡಿನ ಗೋಡೆಗೆ ಪೆನ್ಸಿಲ್ಲು, ಮಂ ಎಂದು, ಕೆಳಗೆ ತಾರೀಖು, ಅವನದೇ ಕೈ, ಬಿಚ್ಚಿದ ಪ್ರತಿ ಮಾಲಿನ ಒಳಗೆ ತನ್ನ ಹೆಸರಿನ ಮೊದಲಕ್ಷರ ಬರೆಯಬೇಕು, ಇದೂ ಉಸ್ತಾದರದೇ ಪಾಠ, ನಾಳೆ ಕೆಟ್ಟರೆ ಯಾರ ಕೈಯೆಂದು ಗೊತ್ತಾಗಬೇಕು ಎಂದಿದ್ದರು, ಹೆಬ್ಬೆರಳು ತಾನಾಗಿಯೇ ಹೋಗಿ ಅಕ್ಷರದ ಮೇಲೆ ಕೂತಿತು. ಮರೆತೇಬಿಟ್ಟಿದ್ದ, ಚೇತನಕುಮಾರ ಒಮ್ಮೆ ಬಂದಿದ್ದ ಇದನ್ನು ಹಿಡಿದು, ಕಾಕಾ, ದನಿ ಹೊಳ್ಳಿ ಹೊಳ್ಳಿ ಹೋಗತೈತಿ, ಬೆಸುಗಿ ಬಿಟ್ಟಿರಬೇಕು, ಬಿಟ್ಟಿತ್ತು, ತಂತಿಗಳ ಬುಡದಿಂದ ಬರುವ ವೈರು ಕಡಿದಿತ್ತು, ಕೈಗೆ ಸಿಕ್ಕ ಹೊಸ ಹಸಿರು ವೈರು ಹಾಕಿ ಬೆಸೆದುಕೊಟ್ಟಿದ್ದ, ಇಗೋ ಬೆಸುಗೆ, ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಗಿಟಾರಿನಲ್ಲಿ ಯಾವ ಐಬೂ ಇಲ್ಲ, ಎಲ್ಲ ಗಟ್ಟಿ, ಆ ಬೆಸುಗೆ ಗಟ್ಟಿ ಇದ್ದದ್ದಕ್ಕೇ ಡಬ್ಬಿಯ ಕರೆಂಟು ಒಂದು ಚೂರೂ ದಾರಿ ತಪ್ಪದೆ ತಂತಿಗೆ ಬಂದಿದೆ, ಅಲ್ಲಿ ಕತ್ತರಿಸಿದ್ದೂ ನಾನು, ಇಲ್ಲಿ ಬೆಸೆದದ್ದೂ ನಾನು. ಏನಾತ್ರಿ, ಏನರ ಕಂಡಿತೇನು. ಏನಿಲ್ಲವ್ವ, ಎನ್ನುತ್ತದೆ ಬಾಯಿ, ಬಾಯಿಗೆ ಯಾವಾಗಲೂ ಅವಸರ, ಏನಿಲ್ಲ, ಚೈನಾ ಮಾಲು ಇದು, ಹೆಸರಿಲ್ಲ ಊರಿಲ್ಲ, ಒಳಗೆಲ್ಲ ಖರಾಬ, ಇದರಾಗ ಕರೆಂಟ್ ಇಳಿಯೋದು ಏನ ದೊಡ್ಡದಲ್ಲ, ಇದನ್ನ ಮಾಡಿದವನ ಕೈ ಮುರಿಬೇಕು. ಹೇಳಿಬಿಟ್ಟ, ಎಷ್ಟು ಸುಲಭ, ಹೆಸರಿಲ್ಲದವನ ತಲೆಗೆ ಕಟ್ಟಿದರೆ ಯಾರಿಗೆ ನೋವು, ಯಾವುದೋ ದೇಶದ ಯಾವುದೋ ಶೆಡ್ಡಿನಲ್ಲಿ ಮೊಳೆ ತಿರುಗಿಸುವವನು ಸಿಂದಗಿಗೆ ಬಂದು ಕೇಳುತ್ತಾನೆಯೇ, ಎದೆ ಸ್ವಲ್ಪ ಹಗುರಾಯಿತು, ಇವಳಿಗೂ ಸಮಾಧಾನವಾಯಿತು, ಇನ್ನು ಹೋಗುತ್ತಾಳೆ, ಹೋಗಲಿ, ಬೇಗ ಹೋಗಲಿ.

ಅವಳು ಹೋಗಲಿಲ್ಲ. ಕುತ್ತಿಗೆ ವಾಲಿಸಿ ಗಿಟಾರನ್ನೇ ನೋಡುತ್ತ ಕೂತಳು, ಆಮೇಲೆ ಸಣ್ಣ ದನಿಯಲ್ಲಿ, ಹಂಗಾರ ಅವ್ವ ಅಂದದ್ದು ಖರೇನ ಆತು ಬಿಡ್ರಿ. ಅವ್ವ ಏನಂದಳು ಎಂದು ಕೇಳಬಾರದಿತ್ತು, ಕೇಳಿದ. ಇದನ್ನ ತಂದು ಕೊಟ್ಟಾಕಿ ನಾನ ಅಲ್ರಿ. ಸೊಲ್ಲಾಪುರದ ಹಳೇ ಬಜಾರದಾಗ ಹುಡುಕಿ ಹುಡುಕಿ ತಂದೆ, ಅಂಗಡಿಯವ ಹೆಸರು ಹೋಗೇತಿ ಅದಕ್ಕ ಸೋವಿ ಅಂದ, ನನ್ನ ಬಸ್ಸಿನಾಗ ಡ್ರೈವರ್ ಸೀಟಿನ ಹಿಂದ ನಿಲ್ಲಿಸಿ ನಾನ ಅದಕ್ಕ ಲಗೇಜ್ ಟಿಕೆಟ್ ಹರದೀನಿ, ಚೀಲದಾಗ ಇನ್ನೂ ಐತಿ ನೋಡ್ರಿ ಆ ಟಿಕೆಟ್, ತಮ್ಮ ತೆಗೆದಿಟ್ಟಿದ್ದ. ಹಲಸಂಗ್ಯಾಗ ನಮ್ಮ ಅವ್ವ, ಹೊನ್ನವ್ವ ಅಂತ, ಎಂಟು ತಿಂಗಳಾತು, ನನ್ನ ಕೈಯಾಗಿನ ನೀರು ಕುಡಿಯಾಂಗಿಲ್ರಿ. ತಂಬಿಗಿ ಮುಂದ ಹಿಡದ್ರ ಮಾರಿ ತಿರುವತಾಳ. ಹೆಸರಿಲ್ಲದ ಮಾಲು ತಂದು ನನ್ನ ಮಗನ ಕೊರಳಿಗೆ ಕಟ್ಟಿದಿ ಅಂತಾಳ. ಒಂದು ಚಲೋ ಕಂಪನಿ ಹೆಸರು ಹೇಳಿದ್ರ, ಅವ್ವ, ಮಾಲು ಚಲೋನ ಇತ್ತು, ನಾ ಕೆಟ್ಟದ್ದು ತಂದಿಲ್ಲ ಅಂತ ಹೇಳಬೇಕಂತ ಮಾಡಿದ್ದೆ. ಕಣ್ಣೀರು ಇರಲಿಲ್ಲ, ಸ್ಟಾಪಿನ ಹೆಸರು ಹೇಳುವ ದನಿಯಲ್ಲೇ ಹೇಳಿದಳು, ಮಂಜೂರ ಹೆಸರಿಲ್ಲದವನ ತಲೆಗೆ ಕಟ್ಟಿದ್ದು ನೆಟ್ಟಗೆ ಬಂದು ಇವಳ ತಲೆಯ ಮೇಲೆ ಕೂತಿತಲ್ಲ. ಹೇಳು, ಈಗ ಹೇಳು, ತಂಗಿ, ಸುಳ್ಳು ಹೇಳಿದೆ ಎನ್ನು, ಮಾಲು ಚಲೋ ಐತಿ ಎನ್ನು, ಅಟ್ಟದ ಮೇಲಿನ ಡಬ್ಬಿ ಇಳಿಸು — ಇಳಿಸಿದರೆ ಅಂಗಡಿ ಹೋಯಿತು, ಮೂರು ತಾಲೂಕಿನಲ್ಲಿ ಮಾರಿ ಎತ್ತಿ ತಿರುಗುವಂತಿಲ್ಲ, ಪೊಲೀಸರು ಎರಡು ಸಾಲಿಗೆ ಇನ್ನೆರಡು ಸಾಲು ಸೇರಿಸುತ್ತಾರೆ, ಬಾನುಬಿಗೆ ಏನೆಂದು ಹೇಳುವುದು — ಅಲ್ಲಿ ಒಬ್ಬ ತಾಯಿ ಮಗಳ ಕೈನೀರು ಕುಡಿಯುತ್ತಿಲ್ಲ, ಇಲ್ಲಿ ಇವನಿಗೆ ಅಂಗಡಿಯ ಚಿಂತೆ.

ಬೀದಿಯ ಆಚೆ ಹಾರ್ನು, ಜಯಮಾಲಾ ಮೇಡಂ, ಟೈಮ್ ಆತ್ರಿ, ಡ್ರೈವರ್ ಸುನೀಲಕುಮಾರ ಕೂಗುತ್ತಾನೆ, ಬಂದೆ ಎಂದು ಎದ್ದವಳು ಏಳುತ್ತ ಗೂಡಿನೊಳಗೆ ಬಗ್ಗಿ ನೋಡಿದಳು, ಈ ಹಸಿರು ವೈರ್ ಯಾತರದ್ರಿ, ಇದೊಂದು ಹೊಸದು ಕಂಡಂಗ ಕಾಣತೈತಿ. ಎಲ್ಲ ಬಿಟ್ಟು ಅದನ್ನೇ ಕೇಳಿದಳು. ಅದು ಅರ್ಥಿಂಗ್ ವೈರ್ ಅವ್ವ. ಅಂದ್ರ. ಅಂದ್ರ ಜೀವಾ ಕಾಯೋದು. ಕಡದೈತೇನ್ರಿ. ಇಲ್ಲ. ಇಲ್ಲ ಎಂದಿತು ಬಾಯಿ, ಈ ಸಲ ಅವಸರವಿಲ್ಲದೆ. ಗಟ್ಟಿ ಐತೇನ್ರಿ. ಗಟ್ಟಿ ಐತಿ. ಅವಳು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದಳು, ಟಿಕೆಟ್ ಎಣಿಸಿ ಎಣಿಸಿ ತುದಿ ಒರಟಾದ ಬೆರಳು, ಬೆಸುಗೆ ಅಲುಗಲಿಲ್ಲ. ಈಗ ತಾನ ಒಳಗೆಲ್ಲ ಖರಾಬ ಅಂದ್ರಿ. ಅಂದೆ. ಜೀವಾ ಕಾಯೋದು ಗಟ್ಟಿ ಇದ್ದ ಮ್ಯಾಲೆ ಅವ ಹೆಂಗ ಸತ್ತ ಅಂತೀರಿ ಭಾಯಿ. ಹಾರ್ನು, ಇನ್ನೊಮ್ಮೆ ಹಾರ್ನು, ಮಂಜೂರನ ಹೆಬ್ಬೆರಳು ಬೆವರಿ ಕಟ್ಟಿಗೆಯ ಮೇಲಿನ ಅಕ್ಷರದಿಂದ ಜಾರಿತು, ಜಾರಿತೋ, ಅವನೇ ತೆಗೆದನೋ, ತೆಗೆದ ಎಂದೇ ಇರಲಿ, ಇಷ್ಟಾದರೂ ತೆಗೆದ. ಇಲ್ಲೇನೋ ಬರದೈತಲ್ಲ, ಅವಳು ಇನ್ನಷ್ಟು ಬಗ್ಗಿದಳು, ಮಂ, ಮಂ ಅಂತ ಐತಿ, ತಾರೀಖೂ ಐತಿ, ಇದು ಕಂಪನೀದಲ್ಲ, ಇದು ಯಾರ್ರಿ — ಕೇಳುತ್ತ ಕೇಳುತ್ತ ತಲೆ ಎತ್ತಿದಳು, ಕಣ್ಣು ಗೋಡೆಯ ಬೋರ್ಡಿನ ಮೇಲೆ, ಮಂಜೂರ ಸೌಂಡ್ ರಿಪೇರಿ, ಬೋರ್ಡಿನಿಂದ ಇಳಿದು ಅವನ ಮುಖದ ಮೇಲೆ, ಅಲ್ಲಿಯೇ ನಿಂತಿತು, ಈಗ ಹೇಳಬೇಕು, ಅವನು ಅಟ್ಟದ ಕಡೆ ಕೈ ಎತ್ತಿದ, ಕೈ ಅರ್ಧಕ್ಕೆ ನಿಂತಿತು, ಅವಳ ಚಹಾ ಕೆನೆಗಟ್ಟಿದೆ, ಕಪ್ಪಿನ ಕೆಳಗೆ ಬಶಿ, ಬಶಿಯಲ್ಲಿ ಏನೂ ಇಲ್ಲ, ಇಲ್ಲವೆಂದು ಗೊತ್ತು, ಆದರೂ ಇದೆ, ಒಂದು ಇಂಚು, ಹಸಿರು, ಚಟ್ ಎಂದು ಕತ್ತರಿಸಿದ್ದು, ಬಶಿಯಲ್ಲಿ, ಹಸಿರು