ನೂರೆಂಬತ್ತರ ಮುಖ

ಸೋಲಾಪುರದ ಯೋಗಿರಾಜನ ಕಾರಖಾನೆಯಲ್ಲಿ ಗೋಡೆಗೆ ತೂಗುಹಾಕುವ ಭಾವಚಿತ್ರಗಳನ್ನು ನೇಯುತ್ತಾರೆ. ಫೋಟೋವನ್ನು ಕಂಪ್ಯೂಟರಿನಲ್ಲಿ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಒಂದು ಅಂಕಿ ಕೊಡುವುದು ನನ್ನ ಕೆಲಸ. ಸೊನ್ನೆಯೆಂದರೆ ಕಡುಗಪ್ಪು, ಇನ್ನೂರೈವತ್ತೈದೆಂದರೆ ಅಚ್ಚಬಿಳುಪು. ಆ ಅಂಕಿಗಳ ಕೋಷ್ಟಕವನ್ನು ಬೂದುಬಣ್ಣದ ಚಿತ್ರವಾಗಿ ಕಾಗದದ ಮೇಲೆ ಅಚ್ಚು ತೆಗೆದು ಮನೆಯವರಿಗೆ ತೋರಿಸುತ್ತೇವೆ. ಅವರು ಒಪ್ಪಿದ ಮೇಲೆ ಮಗ್ಗ.

ಮೈಂದರ್ಗಿಯ ಮಲಕಮ್ಮ ತೀರಿಹೋದ ತಾಯಿಯ ಚಿತ್ರ ನೇಯಿಸಲು ಬಂದಿದ್ದಳು. ಅಕ್ಕಲಕೋಟದಲ್ಲಿ ತೆಗೆಸಿದ ಒಂದೇ ಒಂದು ಫೋಟೋ. ಮನೆಯಲ್ಲಿ ಬುದ್ಧನ ಪಟದ ಪಕ್ಕ ಹಾಕಬೇಕು ಎಂದಳು.

ನಮ್ಮಲ್ಲೊಂದು ರೂಢಿಯಿದೆ. ಮುಖ ಕಪ್ಪಿದ್ದರೆ, ಕಣ್ಣು ತುಟಿಗಳನ್ನು ಬಿಟ್ಟು, ನೂರಿಪ್ಪತ್ತಕ್ಕಿಂತ ಕೆಳಗಿನ ಅಂಕಿಗಳನ್ನೆಲ್ಲ ನೂರೆಂಬತ್ತು ಮಾಡುವುದು. ಯೋಗಿರಾಜ ಇದನ್ನು ‘ಸಾಫ್ ಮಾಡುವುದು’ ಎನ್ನುತ್ತಾನೆ, ಪಾತ್ರೆ ತೊಳೆದಂತೆ. ಮನೆಯವರನ್ನು ಕೇಳುವುದಿಲ್ಲ. ಕವಿತೆ ಬರೆಯುತ್ತಿದ್ದ ದಿನಗಳಲ್ಲಿ ಒಂದು ಪದ ತಿದ್ದಲು ವಾರಗಟ್ಟಲೆ ಕಾಯುತ್ತಿದ್ದ ನಾನು, ಮಲಕಮ್ಮನ ತಾಯಿಯ ಹಣೆ, ಕೆನ್ನೆ, ಗದ್ದಗಳನ್ನು ಒಂದೇ ಬೆರಳಿನಿಂದ ಅಳಿಸಿಬಿಟ್ಟೆ.

ಮಲಕಮ್ಮ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಮಾಸ್ತರ, ನಮ್ಮವ್ವನ ಹಚ್ಚಿ ಎಲ್ಲಿ ಹೋತ್ರಿ?”

ಗದ್ದದ ಮೇಲಿನ ಹಚ್ಚೆಯ ಮೂರು ಚುಕ್ಕೆಗಳೂ ನೂರೆಂಬತ್ತಾಗಿದ್ದವು.

ಯೋಗಿರಾಜ ನಕ್ಕ. “ಬೆಳ್ಳಗ ಮಾಡೇವ್ರಿ ಅಕ್ಕಾ. ಗೋಡಿ ಮ್ಯಾಲ ಛಂದ ಕಾಣ್ತದ.”

“ನಿಮ್ಮವ್ವನ್ನ ಮಾಡಸ್ಕೋರಿ ಹಂಗ. ನಮ್ಮವ್ವ ಕರಿಯಾಕಿ. ಬಿಸಲಾಗ ಕಲ್ಲ ಹೊತ್ತಾಕಿ. ಇಕಿ ಯಾರಾಕಿ?”

ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯಂತಿತ್ತು ಆ ಮುಖ. ಗೋಡೆಯ ಮಾದರಿ ಚಿತ್ರಗಳತ್ತ ನೋಡಿದೆ: ಎಲ್ಲರಿಗೂ ಅದೇ ಕೆನ್ನೆ, ಎಲ್ಲವೂ ನನ್ನ ಕೈಯವೇ. ಎಷ್ಟು ಮನೆಗಳಲ್ಲಿ ಯಾರು ಯಾರೋ ತಾಯಂದಿರಾಗಿ ತೂಗುತ್ತಿದ್ದಾರೋ.

ಫೋಟೋವನ್ನು ಮತ್ತೆ ಅಂಕಿಗಳಿಗಿಳಿಸಿದೆ. ಈ ಸಲ ಒಂದನ್ನೂ ಮುಟ್ಟಲಿಲ್ಲ. ಅರವತ್ತು, ಐವತ್ತೆಂಟು, ಎಪ್ಪತ್ತು. ಗದ್ದದಲ್ಲಿ ಮೂವತ್ತರ ಮೂರು ಚುಕ್ಕೆಗಳು. ಅಚ್ಚು ಹೊರಬಂದಾಗ ಮಲಕಮ್ಮ ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟಳು.

ಇಷ್ಟು ಕಪ್ಪು ಮುಖ ತನ್ನ ಮಗ್ಗದಿಂದ ಹೊರಬಿದ್ದರೆ ಕಾರಖಾನೆಯ ಹೆಸರು ಕೆಡುತ್ತದೆಂದು ಯೋಗಿರಾಜ ಅಡ್ಡಬಂದ. “ಕಾಕಾ, ನಿಮಗರ ತಿಳಿಬಾರದೇನು?” ಎಂದ. ನಾನು ಅವನಿಗೆ ಉತ್ತರ ಕೊಡುವ ಮೊದಲೇ ಅವಳು ಕಾಗದವನ್ನು ಸುರುಳಿ ಸುತ್ತಿದಳು.

“ನಿಮ್ಮ ಮಗ್ಗ ಬ್ಯಾಡ್ರಿ. ಈ ಕಾಗದಾನ ಸಾಕು, ಕಾಚಿನ ಚೌಕಟ್ಟ ಹಾಕಸ್ತೀನಿ.”

ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಆ ಮುಖವನ್ನು ಅಳಿಸಿದವನೂ ನಾನೇ; ಉಪಕಾರವಾಯಿತೆಂದು ಅವಳು ಹೇಳಿದ್ದರೆ ಆ ಮಾತಿಗೂ ಹೇಸಿಗೆಪಡುತ್ತಿದ್ದೆ.